ಮಾಮ ಒಪ್ಪಿಸಿ ಹೋದ ಜೋಡಿ ಸ್ಪೀಕರು

ಆ ಸ್ಪೀಕರುಗಳು ನನ್ನವಲ್ಲ ಎಂಬುದನ್ನು ಮನೆಗೆ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದೆ. ದುಬೈಯ ಕರಾಮಾದ ನಮ್ಮ ಸಣ್ಣ ಫ್ಲ್ಯಾಟಿನ ಹಾಲಿನಲ್ಲಿ ಸೋಫಾಕ್ಕೆ ಎದುರಾಗಿ, ನನ್ನ ಸೊಂಟದೆತ್ತರಕ್ಕೆ ನಿಂತಿದ್ದ ಆ ಎರಡು ಮರದ ಪೆಟ್ಟಿಗೆಗಳನ್ನು ಕಂಡವರು, "ಏನ್ರೀ ಇದು, ಜೋಡಿ ಬೀರು ಇಟ್ಟ ಹಾಗೆ ಇಟ್ಟಿದ್ದೀರಲ್ಲ!" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. "ನಮ್ಮವಲ್ಲ. ಒಬ್ಬರು ನೋಡಿಕೊಳ್ಳಿ ಅಂತ ಕೊಟ್ಟು ಹೋಗಿದ್ದಾರೆ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಯಾರದೋ ಕಾಫಿ ಲೋಟ ಪೆಟ್ಟಿಗೆಯ ತಲೆಯ ಮೇಲೆ ಕೂತಿರುತ್ತಿತ್ತು. ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕೊಟ್ಟು ಹೋದವರು ಮಂಗಳೂರು ಕಡೆಯ ಹಿರಿಯರು, ಸರ್ವೇ ಕೆಲಸದವರು. ಕೆಲಸದವರ ಕ್ಯಾಂಪಿನಲ್ಲಿ ಎಲ್ಲರೂ ಅವರನ್ನು ಮಾಮ ಎನ್ನುತ್ತಿದ್ದರು. ತೊಂಬತ್ತರ ದಶಕದ ಮೊದಲಿಗೆ ನಾನು ಮೈಸೂರು ಬಿಟ್ಟು ಬಂದಾಗ ಕಂಪನಿಯವರು ನನ್ನನ್ನು ನೇರ ಅಬುಧಾಬಿಯ ಪಶ್ಚಿಮಕ್ಕೆ, ಮದೀನತ್ ಜಾಯೆದ್‌ನ ಸೈಟಿಗೆ ಸ್ಟೋರ್‌ಕೀಪರ್ ಮಾಡಿ ಹಾಕಿದರು. ಸುತ್ತ ಮರಳು, ನಡುವೆ ಡಾಂಬರು ರಸ್ತೆ, ರಸ್ತೆಯ ಅಂಚಿಗೆ ನಮ್ಮ ತಗಡಿನ ಕೋಣೆಗಳು. ಎಂಟು ತಿಂಗಳು ನಾನು ಮಾಮನ ಕೋಣೆಯಲ್ಲೇ ಇದ್ದೆ. ಊರಿನ ನೆನಪಾಗಿ ಅನ್ನ ಗಂಟಲಲ್ಲಿ ಇಳಿಯದ ದಿನಗಳಲ್ಲಿ ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ಏನೂ ಕೇಳದೆ ಎದ್ದುಹೋಗಿ ಯಕ್ಷಗಾನದ ಕ್ಯಾಸೆಟ್ ಹಾಕುತ್ತಿದ್ದರು.

ಕೋಣೆಯ ಅರ್ಧ ಜಾಗ ಆ ಸ್ಪೀಕರುಗಳದ್ದೇ. ಎಂದೋ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟ ಒಬ್ಬ ಬಿಳಿಯ ಎಂಜಿನಿಯರನಿಂದ ಮಾಮ ಕೊಂಡದ್ದು. ಆಗಲೇ ಹಳೆಯವು. ಅಡಿಕೆ ಬಣ್ಣದ ಮರ, ಮುಂದೆ ಬಟ್ಟೆಯ ಮುಚ್ಚಳ. ಅದನ್ನು ತೆಗೆದರೆ ಊಟದ ತಟ್ಟೆಯಷ್ಟು ಅಗಲದ ಕಾಗದದ ಬಟ್ಟಲು, ಆ ಬಟ್ಟಲನ್ನು ಹಿಡಿದುಕೊಂಡ ಕಪ್ಪು ಸ್ಪಂಜಿನ ಬಳೆ. ಪದ ಶುರುವಾದರೆ ಆ ಬಳೆ ಮಲಗಿದ ಮಗುವಿನ ಹೊಟ್ಟೆಯ ಹಾಗೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

"ಚೆಂಡೆ ಯಾವ ಡಬ್ಬಿಯಲ್ಲೂ ಕೇಳ್ತದೆ ಮಾರಾಯ. ಮದ್ದಳೆಯ ಎಡದ ಪೆಟ್ಟು ಕೇಳ್ಬೇಕಾದ್ರೆ ಇವರೇ ಆಗ್ಬೇಕು. ಕೇಳು, ಈಗ ಬಂತು ನೋಡು... ಹಾಂ!"

ಅವರು ಸ್ಪೀಕರುಗಳನ್ನು 'ಇವರು' ಎಂದೇ ಕರೆಯುತ್ತಿದ್ದರು. ಮೈಸೂರಿನವನಾದ ನನಗೆ ಮದ್ದಳೆಗೆ ಎಡಬಲ ಇದೆಯೆಂಬುದೂ ತಿಳಿದಿರಲಿಲ್ಲ. ಎಂಟು ತಿಂಗಳಲ್ಲಿ ತಿಳಿಯಿತು.

ಆಮೇಲೆ ನನಗೆ ದುಬೈ ಆಫೀಸಿಗೆ ವರ್ಗವಾಯಿತು, ಮದುವೆಯಾಯಿತು. ಮಾಮನ ಸೈಟು ಮುಗಿದು ಅವರ ವೀಸಾ ಕ್ಯಾನ್ಸಲ್ ಆಯಿತು. ಸಾಮಾನು ಕಟ್ಟಲು ಬಂದ ಕಾರ್ಗೋದವರು ಸ್ಪೀಕರು ನೋಡಿ, ಹಡಗಿನಲ್ಲಿ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎಂದರಂತೆ. ಮಾಮ ನನ್ನನ್ನು ಕರೆಸಿದರು.

"ನಿನಗೆ ಕೊಡುದಲ್ಲ. ನೋಡ್ಕೊಳ್ಲಿಕ್ಕೆ ಕೊಡುದು. ಒಂದು ವರ್ಷದಲ್ಲಿ ಬೇರೆ ವೀಸಾ ಆಗ್ತದೆ, ನಾನು ಬರ್ತೇನೆ. ಮೇಲೆ ಎಂತದ್ದೂ ಇಡ್ಲಿಕ್ಕಿಲ್ಲ. ವಾರಕ್ಕೊಮ್ಮೆ ಆದ್ರೂ ಹಾಡಿಸ್ಬೇಕು. ಇವರಿರುವ ಕೋಣೆಯ ಎಸಿ ಬಂದ್ ಮಾಡ್ಲಿಕ್ಕಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಮಾಮ."

ಕಂಪನಿಯ ಪಿಕಪ್ಪಿನ ಹಿಂದೆ ಸ್ಪೀಕರುಗಳ ನಡುವೆ ಕೂತು, ಎರಡೂ ಕೈಯಲ್ಲಿ ಒಂದೊಂದನ್ನು ಅಪ್ಪಿಕೊಂಡು, ಜೂನ್ ತಿಂಗಳ ಬಿಸಿಲಲ್ಲಿ ನಾನು ದುಬೈವರೆಗೆ ಬಂದೆ. ನನ್ನ ಹೆಂಡತಿ ಬಾಗಿಲು ತೆಗೆದು ಮೊದಲು ಪೆಟ್ಟಿಗೆಗಳನ್ನು, ಆಮೇಲೆ ಕೆಂಪಾದ ನನ್ನ ಮುಖವನ್ನು ನೋಡಿ, "ಒಳಗೆ ಯಾರಾದ್ರೂ ಇದ್ದಾರೇನ್ರೀ?" ಎಂದಳು.

ಒಂದು ವರ್ಷ ಎಂದದ್ದು ಎರಡಾಯಿತು, ಐದಾಯಿತು. ಅರವತ್ತು ದಾಟುತ್ತಿದ್ದವರಿಗೆ ಯಾವ ಕಂಪನಿಯೂ ವೀಸಾ ಕೊಡಲಿಲ್ಲ. ಆದರೆ ತಿಂಗಳಿಗೊಮ್ಮೆ, ಶುಕ್ರವಾರ ಬೆಳಿಗ್ಗೆ, ಊರಿನಿಂದ ಮಾಮನ ಫೋನು ತಪ್ಪುತ್ತಿರಲಿಲ್ಲ. ನನ್ನ ಹಲೋ ಮುಗಿಯುವ ಮೊದಲೇ, "ಇವರೆಲ್ಲ ಹೇಗಿದ್ದಾರೆ?" ಎಂಬ ಪ್ರಶ್ನೆ. ಹೆಂಡತಿ ಮಕ್ಕಳ ವಿಚಾರ ಆಮೇಲೆ. ನಾನು ಹಿಂದಿನ ದಿನವೇ ಒದ್ದೆ ಬಟ್ಟೆಯಲ್ಲಿ ಮರ ಒರೆಸಿ, ಒಂದು ಪ್ರಸಂಗವನ್ನು ಪೂರ್ತಿ ಹಾಡಿಸಿ, ಪರೀಕ್ಷೆಗೆ ಓದಿದವನ ಹಾಗೆ ತಯಾರಾಗಿರುತ್ತಿದ್ದೆ. ಮಗಳು ಹುಟ್ಟಿ ತೆವಳಲು ಶುರುಮಾಡಿದ ಮೇಲಂತೂ ನೆಮ್ಮದಿ ಹೋಯಿತು. ಅವಳು ಆ ಕಡೆ ಮುಖ ಮಾಡಿದರೆ ಸಾಕು, ಆಫೀಸಿನಿಂದ ಬಂದವನು ಶೂ ಬಿಚ್ಚದೆ ಓಡುತ್ತಿದ್ದೆ. "ನಿಮಗೆ ಮಗು ಬಿದ್ದೀತು ಅಂತಲೋ, ಅವು ಬಿದ್ದಾವು ಅಂತಲೋ?" ಎಂದು ಹೆಂಡತಿ ಕೇಳುತ್ತಿದ್ದಳು.

ಪ್ರತಿ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವಾಗ ಹಾಲಿನ ಎಸಿಯನ್ನು ಸಣ್ಣಗೆ ಹಾಕಿಟ್ಟು, ಬೀಗದ ಕೈಯನ್ನು ಪಕ್ಕದ ಫ್ಲ್ಯಾಟಿನವರಿಗೆ ಕೊಟ್ಟು ಹೋಗುತ್ತಿದ್ದೆವು. ಎಂಟೊಂಬತ್ತು ವರ್ಷ ಹೀಗೇ ನಡೆಯಿತು. ಅದರ ಮರುವರ್ಷ ಮಾತ್ರ ನಾವು ಹೊರಡುವ ಮುಂಚಿನ ವಾರ ಹಿಂದಿನ ಬೀದಿಯ ಕಟ್ಟಡದಲ್ಲಿ ಯಾರೂ ಇಲ್ಲದ ಮನೆಯ ಎಸಿಗೆ ಬೆಂಕಿ ಹತ್ತಿತು. ನಮ್ಮ ಕಟ್ಟಡದ ವಾಚ್‌ಮನ್ ಮನೆಮನೆಗೆ ಬಂದು, ರಜೆಗೆ ಹೋಗುವವರು ಎಲ್ಲ ಸ್ವಿಚ್ಚೂ ಆರಿಸಿಯೇ ಹೋಗಬೇಕು, "ಎಸಿ ಮಾಫಿ, ಖಲಾಸ್", ಎಸಿ ಇಲ್ಲವೇ ಇಲ್ಲ, ಮುಗಿಯಿತು, ಎಂದ. ಮಾಮನಿಗೆ ಫೋನು ಮಾಡಿ ಕೇಳಬಹುದಿತ್ತು. ಬೇಡವೆನ್ನುತ್ತಾರೆಂದು ಗೊತ್ತಿತ್ತು. ಹಾಗಾಗಿ ಕೇಳಲಿಲ್ಲ.

ಬದಲಿಗೆ ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಒಂದು ಉಪಾಯ ಹೂಡಿದೆ. ಕಾರ್ಟನ್ ಕಟ್ಟುವುದನ್ನು ಗಲ್ಫಿನವನಿಗೆ ಯಾರೂ ಕಲಿಸಬೇಕಿಲ್ಲವಲ್ಲ. ಅಮ್ಮನಿಗೆ ಕಂಬಳಿ, ಹಾಲಿನ ಪುಡಿ, ತಂಗಿಗೆ ಮಿಕ್ಸಿ, ಎಲ್ಲವನ್ನೂ ಗಾಳಿಯಾಡದ ಹಾಗೆ ಟೇಪು ಸುತ್ತಿ, ಹಗ್ಗ ಬಿಗಿದು ಕಳಿಸುವ ಕೈ ಇದು. ಸೋಫಾಕ್ಕೆ ಹೊದಿಸುವ ದಪ್ಪ ಪ್ಲಾಸ್ಟಿಕ್ ತಂದು ಎರಡೂ ಸ್ಪೀಕರನ್ನು ಬಟ್ಟೆಯ ಮುಚ್ಚಳ ತೆಗೆದು ಮೂರು ಸುತ್ತು ಸುತ್ತಿದೆ. ಕಂದು ಟೇಪಿನ ಎರಡು ಉರುಳೆ ಮುಗಿದವು. ಮುಚ್ಚುವ ಮೊದಲು ಹೆಂಡತಿ ಬೀರುವಿನಿಂದ ನುಸಿಗುಳಿಗೆಯ ಪೊಟ್ಟಣ ತಂದಳು. "ನನ್ನ ರೇಷ್ಮೆ ಸೀರೆ ಹತ್ತು ವರ್ಷದಿಂದ ಹಾಗೇ ಇಲ್ವಾ?" ಎಂದಳು. ನನಗೂ ಸರಿ ಅನ್ನಿಸಿತು. ಒಂದೊಂದರೊಳಗೆ ಒಂದೊಂದು ಹಿಡಿ ಹಾಕಿದೆ.

ಎರಡು ತಿಂಗಳ ಮೇಲೆ, ಆಗಸ್ಟ್ ಕೊನೆಗೆ ಬಾಗಿಲು ತೆಗೆದಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯಿತು. ಪ್ಲಾಸ್ಟಿಕ್ಕಿನ ಒಳಮೈಯೆಲ್ಲ ನೀರಿನ ಹನಿ. ಕತ್ತರಿ ಹಾಕಿದೆ. ನುಸಿಗುಳಿಗೆಯ ಘಾಟಿಗೆ ಕಣ್ಣು ಉರಿಯಿತು. ಮರದ ಪಾಲಿಶು ಕೈಗೆ ಅಂಟುತ್ತಿತ್ತು. ಸ್ಪಂಜಿನ ಬಳೆಯನ್ನು ಬೆರಳ ತುದಿಯಿಂದ ಮುಟ್ಟಿದೆ, ಅಷ್ಟೇ. ಅದು ಹಳೇ ಬೆಲ್ಲದ ಹಾಗೆ ಬೆರಳಿಗೆ ಮೆತ್ತಿಕೊಂಡು ಬಂತು. ಇನ್ನೊಂದರದ್ದೂ ಹಾಗೇ. ಕಾಗದದ ಬಟ್ಟಲು ಹಿಡಿತವಿಲ್ಲದೆ ಒಂದು ಕಡೆಗೆ ವಾಲಿತು. ಸೂಟ್‌ಕೇಸುಗಳು ಬಾಗಿಲಲ್ಲೇ ಇದ್ದವು. ನಾವಿಬ್ಬರೂ ನೆಲದ ಮೇಲೆ ಕೂತೆವು.

ಮುಂದಿನ ಶುಕ್ರವಾರ ಫೋನು ಬಂತು.

"ಇವರೆಲ್ಲ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಮಾಮ."

ಅದು ಹೇಗೆ ನಾಲಿಗೆಯಿಂದ ಹೊರಬಂತೋ ಇವತ್ತಿಗೂ ನನಗೆ ತಿಳಿಯದು. ರಿಪೇರಿ ಮಾಡಿಸಿ ಆಮೇಲೆ ಹೇಳೋಣ ಎಂದುಕೊಂಡಿದ್ದೆ. ಶಾರ್ಜಾದಲ್ಲಿ ಒಬ್ಬ ವಯಸ್ಸಾದ ಪೇಶಾವರದ ಮೆಕ್ಯಾನಿಕ್ ಇದ್ದ. ಬಟ್ಟಲುಗಳನ್ನು ತಿರುಗಿಸಿ ನೋಡಿ, ಈ ಸ್ಪಂಜಿಗೆ ಆಯುಸ್ಸೇ ಅಷ್ಟು, ಇವತ್ತಲ್ಲದಿದ್ದರೆ ನಾಳೆ ಹೋಗುತ್ತಿತ್ತು, ನೀನು ಅದನ್ನು ಸ್ವಲ್ಪ ಬೇಗ ಮೇಲಕ್ಕೆ ಕಳಿಸಿದೆ, ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಅಸಲಿ ಸ್ಪಂಜು ಸಿಗದೆ ರಬ್ಬರಿನ ಬಳೆ ಅಂಟಿಸಿಕೊಟ್ಟ. ಮರಕ್ಕೆ ಹೊಸ ಪಾಲಿಶೂ ಆಯಿತು. ನೋಡಲು ಏನೂ ಗೊತ್ತಾಗುತ್ತಿರಲಿಲ್ಲ. ಮನೆಗೆ ತಂದು ಕ್ಯಾಸೆಟ್ ಹಾಕಿದೆ. ಭಾಗವತರ ದನಿ ಬಂತು, ಚೆಂಡೆ ಬಂತು. ಮದ್ದಳೆಯ ಎಡದ ಪೆಟ್ಟು ಮಾತ್ರ ಯಾರೋ ದಿಂಬಿಗೆ ಗುದ್ದಿದ ಹಾಗೆ ಕೇಳಿಸಿತು.

ಅದನ್ನು ಹೇಳಲಾಗಲಿಲ್ಲ. ಒಂದು ಸಲ ಹೇಳದೆ ಬಿಟ್ಟದ್ದನ್ನು ಮರುತಿಂಗಳು ಹೇಳುವುದು ಇನ್ನೂ ಕಷ್ಟ. ಮಾಮನೋ ಬಿಡಿಸಿ ಬಿಡಿಸಿ ಕೇಳುವವರು. "ಮೊನ್ನೆ ಯಾವ ಪ್ರಸಂಗ ಹಾಕಿದ್ದಿ? ಪೆಟ್ಟು ಎದೆಗೆ ಬರ್ತದಾ?" ಬರುತ್ತದೆ ಎನ್ನುತ್ತಿದ್ದೆ. "ಹೌದಲ್ವಾ!" ಎಂದು ಆ ಕಡೆಯಿಂದ ಅವರು ಖುಷಿಪಡುವುದು ಕೇಳಿಸುತ್ತಿತ್ತು. ಹೆಂಡತಿ, "ಹೇಳ್ಬಿಡಿ ರೀ, ಬೈದ್ರೆ ಬೈಸ್ಕೊಳ್ಳೋಣ. ಬೇಕಾದ್ರೆ ಗುಳಿಗೆ ಹಾಕಿದ್ದು ನಾನು ಅನ್ನಿ" ಎನ್ನುತ್ತಿದ್ದಳು. ಸ್ಕೂಲಿಗೆ ಹೋಗುವಷ್ಟಾದ ಮಗಳೂ, "ಅಪ್ಪಾ, ಜಸ್ಟ್ ಟೆಲ್ ಹಿಮ್, ನಾ!" ಎನ್ನುತ್ತಿದ್ದಳು. ಐದು ವರ್ಷ ಹೀಗೆ ಕಳೆಯಿತು.

ಮಾಮನ ಮಗಳಿಗೆ ದುಬೈಯಲ್ಲಿ ಕೆಲಸವಾಯಿತು. ಅವಳು ಸಿಲಿಕಾನ್ ಓಯಸಿಸ್‌ನ ಹೊಸ ಟವರಿನಲ್ಲಿ ಮನೆ ಮಾಡಿ, ಅಪ್ಪನನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡಳು. ಬಂದ ಮೂರನೆಯ ದಿನ ಸಂಜೆ ಮಾಮ ನಮ್ಮ ಮನೆಗೆ ಬಂದರು. ಸಣ್ಣಗಾಗಿದ್ದರು. ಬಿಳಿ ಪಂಚೆ, ಕೈಯಲ್ಲಿ ಊರಿನ ಹಪ್ಪಳದ ಕಟ್ಟು, ಜೇಬಿನಲ್ಲಿ ಒಂದು ಕ್ಯಾಸೆಟ್.

"ಮಗಳ ಹಾಲ್ ದೊಡ್ಡದುಂಟು ಮಾರಾಯ. ಇವರನ್ನು ನಾಡಿದ್ದು ಕರ್ಕೊಂಡು ಹೋಗುವ. ನಿನಗೆ ತುಂಬಾ ವರ್ಷ ತೊಂದರೆ ಕೊಟ್ಟೆ."

ಅವರು ಸ್ಪೀಕರಿನ ಮರದ ಮೇಲೆ ಅಂಗೈಯಿಟ್ಟು ನಿಂತಿದ್ದರು. ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟರು. ನಾನು ಟೇಪಿನ ಬಾಗಿಲು ತೆಗೆದೆ, ಕ್ಯಾಸೆಟ್ ಒಳಗಿಟ್ಟೆ. ಗುಂಡಿ ಒತ್ತದೆ ಅವರ ಕಡೆ ತಿರುಗಿದೆ.

"ಮಾಮ, ಇವು ಕೆಟ್ಟು ಹೋಗಿದ್ವು. ಐದು ವರ್ಷವಾಯ್ತು" ಎಂದೆ.

ಶುರುವಾದ ಮೇಲೆ ನಿಲ್ಲಲಿಲ್ಲ. ಎಸಿ ಆರಿಸಿದ್ದು, ಪ್ಲಾಸ್ಟಿಕ್ಕು, ಟೇಪು, ನುಸಿಗುಳಿಗೆ, ಶಾರ್ಜಾ, ರಬ್ಬರು, ಎಲ್ಲ ಹೇಳಿದೆ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು. ಮಾಮ ಸೋಫಾದ ಅಂಚಿಗೆ ಕೂತರು. ನಾನೇ ಮತ್ತೆ ಬಾಯಿ ಹಾಕಿದೆ.

"ಸ್ಪಂಜಿಗೆ ಆಯುಸ್ಸೇ ಅಷ್ಟು, ಹೇಗಿದ್ರೂ ಹೋಗ್ತಿತ್ತು ಅಂತ ಮೆಕ್ಯಾನಿಕ್ ಹೇಳಿದ ಮಾಮ."

"ಸ್ಪಂಜಿನ ವಿಷಯ ನಾನು ಕೇಳ್ಲಿಲ್ಲ" ಎಂದರು. ದನಿ ಏರಿಸಲಿಲ್ಲ. "ವಸ್ತು ಹೋಗ್ತದೆ ಮಾರಾಯ. ಅಲ್ಲ, ನಾನು ತಿಂಗಳು ತಿಂಗಳು ಎಸ್‌ಟಿಡಿ ಬೂತಿಗೆ ನಡ್ಕೊಂಡು ಹೋಗಿ, ಸಾಲಲ್ಲಿ ನಿಂತು ವಿಚಾರಿಸ್ತಾ ಇದ್ದೆನಲ್ಲ... ಅದು ಯಾರನ್ನು?"

ಮಾಮ ನನ್ನ ಹೆಂಡತಿಯ ಕೈಯಿಂದ ಚಹಾ ತೆಗೆದುಕೊಂಡು, "ನೀನು ಯಾಕೆ ನಿಂತದ್ದು, ಕೂತ್ಕೋ ಮಗಾ" ಎಂದರು. ಒಂದು ಗುಟುಕು ಕುಡಿದು ನನ್ನತ್ತ ತಿರುಗಿ, "ಹಾಕು" ಎಂದರು.

ಹಾಕಿದೆ. ಅವರು ಸ್ಪೀಕರುಗಳನ್ನು ನೋಡಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. ಪೂರ್ತಿ ಒಂದು ಪದ ಮುಗಿಯುವ ತನಕ ತಮ್ಮ ಅಂಗೈಯನ್ನೇ ನೋಡುತ್ತ ಕೂತರು. ಮದ್ದಳೆಯ ಪೆಟ್ಟು ಬಂದಾಗಲೆಲ್ಲ ನಾನು ಒಳಗೊಳಗೇ ಕುಗ್ಗುತ್ತಿದ್ದೆ.

"ಕೆಟ್ಟದ್ದು ಅಂತ ಅಲ್ಲ. ಬೇರೆ" ಎಂದು ಎದ್ದರು. "ಇಲ್ಲೇ ಇರ್ಲಿ. ಇನ್ನು ಇವು ನಿನ್ನವು."

"ಬೇಡ ಮಾಮ, ದಯವಿಟ್ಟು..."

"ಬೇಡ ಅಂದ್ರೆ? ಎಂತ, ನಾನು ಕೊಟ್ಟು ಹೋದದ್ದು ನಿನ್ನತ್ರ ಉಂಟಾ ಈಗ?"

ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜಕ್ಕೂ ಕೇಳುವವರ ಹಾಗೆ ಕೇಳಿದರು. ಲಿಫ್ಟಿನವರೆಗೆ ಹೋದಾಗ ನನ್ನ ಹೆಗಲು ತಟ್ಟಿ, ಹಪ್ಪಳವನ್ನು ಗಾಳಿಯಾಡುವಲ್ಲಿ ಇಡಲು ಹೇಳಿ ಹೋದರು.

ಆಮೇಲೆ ನಮ್ಮ ನಡುವೆ ಏನೂ ಕೆಡಲಿಲ್ಲ ಎಂದು ಬೇರೆಯವರಿಗೆ ಕಾಣಬಹುದು. ಅವರ ಮಗಳ ಮನೆಯಲ್ಲಿ ಊಟ ಮಾಡಿದೆವು. ಊರಿಗೆ ಮರಳುವ ದಿನ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ಫೋನೂ ಬರುತ್ತದೆ. ನನ್ನ ಮಗಳ ಮಾರ್ಕ್ಸು ಕೇಳುತ್ತಾರೆ, ಹೆಂಡತಿಯ ಮಂಡಿನೋವು ಕೇಳುತ್ತಾರೆ, ಅಲ್ಲಿ ಸೆಕೆ ಹೇಗುಂಟು ಎನ್ನುತ್ತಾರೆ. ಆ ಒಂದು ಪ್ರಶ್ನೆ ಮಾತ್ರ ಇಲ್ಲ. ನಾನಾಗಿಯೇ ಸ್ಪೀಕರಿನ ಮಾತು ತೆಗೆದರೆ, "ಅದು ನಿನ್ನದಲ್ವಾ, ನೀನೇ ನೋಡ್ಕೋ" ಎಂದು ಊರಿನ ಸುದ್ದಿಗೆ ಹೋಗುತ್ತಾರೆ.

ನೋಡಿಕೊಳ್ಳುತ್ತಿದ್ದೇನೆ. ಎಸಿ ಆರಿಸುವುದಿಲ್ಲ. ಈಚೆಗೆ ಎಡಗಡೆಯದರಲ್ಲಿ ಒಂದು ಸಣ್ಣ ಗುಂಯ್ ಸದ್ದು ಶುರುವಾಗಿದೆ. ಸ್ಕ್ರೂ ಸಡಿಲವೋ, ಅಂಟು ಬಿಟ್ಟಿದೆಯೋ, ನನ್ನ ಕಿವಿಯೇ ಹಾಗೆ ಕೇಳುತ್ತಿದೆಯೋ ಗೊತ್ತಾಗುತ್ತಿಲ್ಲ. ಹೆಂಡತಿ ಏನೂ ಇಲ್ಲ ಎನ್ನುತ್ತಾಳೆ. ಗೊತ್ತಿರುವವರು ಒಬ್ಬರೇ ಇದ್ದಾರೆ, ಅವರನ್ನು ಕೇಳುವ ಧೈರ್ಯ ನನಗಿಲ್ಲ.