ಹನ್ನೆರಡು ಚೌಕದ ಕಸ

ಮೂರು ವರ್ಷದ ಹಿಂದಿನ ಮಾತು. ನಾನಾಗ ಧಾರವಾಡದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೆ. ಪ್ರಾಜೆಕ್ಟಿಗೆಂದು ಗೆಳತಿಯರೆಲ್ಲ ಗುಂಪು ಕಟ್ಟಿಕೊಂಡು ಕಾಡಿಗೆ ಹೋದರು. ನನ್ನ ಪಾಲಿಗೆ ಬಂದದ್ದು ಮೊರಬ ಎಂಬ ಹಳ್ಳಿಯ ಎರೆಹೊಲದ ಕಳೆ. ಅದೂ ಒಬ್ಬಳಿಗೇ.

ಹೊಲದವರನ್ನು ಕೇಳಿ, ಬಿತ್ತದೆ ಬಿಟ್ಟಿದ್ದ ಜಾಗದಲ್ಲಿ ಗೂಟ ಹೊಡೆದು ದಾರ ಕಟ್ಟಿ ಹನ್ನೆರಡು ಚೌಕ ಮಾಡಿಕೊಂಡೆ. ಯಾವ ಚೌಕದಲ್ಲಿ ಯಾವ ಗಿಡ ಹುಟ್ಟಿತು, ಯಾವುದು ಉಳಿಯಿತು ಎಂದು ನಾಲ್ಕು ತಿಂಗಳು ವಾರಕ್ಕೊಮ್ಮೆ ಎಣಿಸಿ ಬರೆಯಬೇಕು. ನಡುವೆ ಕೆಟ್ಟರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ಟೇಪು, ದಾರ ಕಂಡ ಊರವರು ನನ್ನನ್ನು ಜಮೀನು ಅಳೆಯುವ ಮೋಜಣಿಯವಳೆಂದುಕೊಂಡರು. ಯಾವ ರಸ್ತೆಗೆ ಯಾರ ಹೊಲ ಹೋಗುತ್ತದೋ ಎಂಬ ಅಂಜಿಕೆಗೆ ಯಾರೂ ಹತ್ತಿರ ಸುಳಿಯಲಿಲ್ಲ. ಬದುವಿನ ಮೇಲೆ ಒಬ್ಬಳೇ ಕೂತು ಬುತ್ತಿ ಉಣ್ಣುವಾಗ ಗೆಳತಿಯರ ಕಾಡಿನ ಫೋಟೊಗಳು ಮೊಬೈಲಿಗೆ ಬರುತ್ತಿದ್ದವು. ಮೊಬೈಲನ್ನು ಬೋರಲು ಹಾಕಿ ಉಣ್ಣುತ್ತಿದ್ದೆ.

ಪಕ್ಕದ ಉಳ್ಳಾಗಡ್ಡಿ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಮಾಬೂಬಿ ಎಂಬ ಹೆಂಗಸು ಮಾತ್ರ ಒಂದು ದಿನ ನಿಂತು, ಇಲ್ಲೇನು ಕೆಲಸ ಎಂದು ಕೇಳಿದರು. ಪರಿಸರ, ವಿಜ್ಞಾನ ಎಂದೆಲ್ಲ ಹೇಳಲು ನಾಚಿಕೆಯಾಗಿ "ಕಸದ ಕೆಲಸಾರೀ" ಅಂದುಬಿಟ್ಟೆ. ನಮ್ಮ ಕಡೆ ಹೊಲದಲ್ಲಿ ಕಸದ ಕೆಲಸ ಎಂದರೆ ಕಳೆ ಕೀಳುವುದು. ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ.

ಮೂರನೆಯ ತಿಂಗಳು ಜ್ವರ ಬಂದು ಒಂದು ವಾರ ತಪ್ಪಿತು. ಮರುವಾರ ಹೋಗಿ ನೋಡಿದರೆ ಹನ್ನೆರಡೂ ಚೌಕ ಸಾರಿಸಿದ ಅಂಗಳದಂತಿವೆ. ಕರಿಕೆ ಹುಲ್ಲಿನ ಒಂದು ಎಳೆಯೂ ಇಲ್ಲ. ಅಲ್ಲೇ ಬದುವಿನ ಮೇಲೆ ಕೂತೆ. ಮಾಬೂಬಿ ಕಳೆ ತೆಗೆಯುವ ಕುರ್ಚಿಗಿ ಹಿಡಿದುಕೊಂಡೇ ನಗುತ್ತ ಬಂದರು.

"ಹ್ವಾದ ವಾರ ಬರ್ಲಿಲ್ಲಲಾ, ಆರಾಮಿಲ್ಲೇನೋ ಅಂತ ನಾನ ತಗದೀನಿ ತಂಗಿ. ಒಬ್ಬಾಕಿನ ಎಷ್ಟಂತ ಮಾಡ್ತಿ?"

ಅಷ್ಟು ದಿನದಲ್ಲಿ ನನ್ನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ.

"ಭಾಳ ಚಲೋ ಆತ್ರೀ ಅಕ್ಕಾರ," ಅಂದೆ.

ಅವರು ತಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ನನ್ನ ಕಣ್ಣೀರು ಕಂಡು, ಖಾರ ಹೆಚ್ಚಾಯಿತೇನೋ ಎಂದು ನೀರು ಕೊಟ್ಟರು. ಇಬ್ಬರೂ ಕೂತು ಉಂಡೆವು.

ವಿಭಾಗದಲ್ಲಿ ಗೈಡ್ ಎಲ್ಲರೆದುರು, ಚೌಕಗಳು ಹೇಗೆ ಹಾಳಾದವು ಎಂದು ಕೇಳಿದರು. ನಿಜ ಹೇಳಿದರೆ ಮಾಬೂಬಿಯನ್ನು ಆಡಿಕೊಂಡು ನಗುತ್ತಾರೆಂದು, "ದನ ಮೇಯ್ದವು ಸರ್" ಅಂದೆ. ಆದರೂ ಎಲ್ಲರೂ ನಕ್ಕರು. ಗೆಳತಿಯರಿಗಿಂತ ಒಂದು ವರ್ಷ ತಡವಾಗಿ ಪಾಸಾದೆ.

ಹೋದ ಆ ವರ್ಷಕ್ಕೆ ಈಗ ಬೇಸರವಿಲ್ಲ. ನನಗಾಗಿ ಬಿಸಿಲಲ್ಲಿ ಸೊಂಟ ಬಗ್ಗಿಸಿದ ಒಬ್ಬರೇ ಒಬ್ಬರನ್ನು ದನ ಮಾಡಿಬಿಟ್ಟೆನಲ್ಲ, ಅದು ಮಾತ್ರ ಇವತ್ತಿಗೂ ಚುಚ್ಚುತ್ತದೆ.