ಮುಂಬಾಗಿಲ ಮೆಟ್ಟಿಲು

ಡೋರ್ನ್‌ಲಸ್ಟ್ ಊರಿನಲ್ಲಿ ಆಂಟಿ ಫೂಲ್‌ಬಾಸಿಯ ಬಾಯಿಗೆ ಹೆದರದೆ ಇದ್ದದ್ದು ಅವರ ಕೋಳಿಗಳು ಮತ್ತು ನಾನು. ಕೋಳಿಗಳು ಒಂದು ವರ್ಷದ ನೆರೆಯಲ್ಲಿ ಕೊಚ್ಚಿಹೋದವು. ಉಳಿದವಳು ನಾನೊಬ್ಬಳು, ಬೇಲಿಯಾಚೆಯ ಅಂಗಡಿಯ ಮೇವಿಸ್.

ಗಯಾನಾದ ಕರಾವಳಿಯ ಊರುಗಳೆಲ್ಲ ಸಮುದ್ರಕ್ಕಿಂತ ತಗ್ಗು, ನಮ್ಮದು ಇನ್ನೂ ತಗ್ಗು. ಇಳಿತದ ಹೊತ್ತಿಗೆ ತೂಬಿನ ಬಾಗಿಲೆತ್ತಿ ಕಾಲುವೆಯ ನೀರನ್ನು ಸಮುದ್ರಕ್ಕೆ ಬಿಡುತ್ತೇವೆ, ಉಬ್ಬರಕ್ಕೆ ಮೊದಲು ಮುಚ್ಚುತ್ತೇವೆ. ಉಬ್ಬರವೂ ಮಳೆಯೂ ಕೂಡಿ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ಅದು ನಮ್ಮ ಅಂಗಳದಲ್ಲೇ ಠಿಕಾಣಿ ಹೂಡುತ್ತದೆ. ತೂಬಿಗೆ ಒಂದು ಪಂಪು ಕೊಡಿ ಎಂದು ಊರು ಕೇಳಿ ಕೇಳಿ ಸೋತಿತ್ತು.

ಅಷ್ಟರಲ್ಲಿ ದೇಶಕ್ಕೆ ಸಮುದ್ರದಡಿ ಪೆಟ್ರೋಲಿನ ಎಣ್ಣೆ ಸಿಕ್ಕಿತು. ಸರ್ಕಾರದ ಕೈಯಲ್ಲಿ ದುಡ್ಡು ಓಡಾಡತೊಡಗಿತು. ಆ ದುಡ್ಡು ಮೊದಲು ಕಣ್ಣು ಹಾಯಿಸಿದ್ದು ಎಲ್ಲಿಗೆ ಎನ್ನುತ್ತೀರಿ? ನಮ್ಮೂರಿನ ದೊಡ್ಡ ಮನೆಗೆ. ಕಬ್ಬಿನ ತೋಟದ ಇಂಗ್ಲಿಷ್ ಮ್ಯಾನೇಜರ್ ಇದ್ದ ಮರದ ಮನೆ. ಎತ್ತರದ ಕಂಬಗಳ ಮೇಲೆ ನಿಂತು, ಗೆದ್ದಲು ಹಿಡಿದು, ಬಾವಲಿಗಳಿಗೆ ಬಿಟ್ಟುಕೊಟ್ಟ ಮನೆ. ಅದನ್ನು ಮೊದಲಿನಂತೆ ಮಾಡಿ ಮ್ಯೂಸಿಯಂ ಇಡುತ್ತಾರಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನನಗೆ ಮೈಯೆಲ್ಲ ಉರಿಯಿತು.

ಆ ಮನೆಯಲ್ಲಿ ಆಂಟಿಯ ತಾಯಿ ಜಸೋದ್ರ ನೆಲ ಉಜ್ಜುತ್ತಿದ್ದಳು. ಬಕೆಟ್ಟು ಹೊತ್ತು ಹಿಂದೆ ಹೋಗುತ್ತಿದ್ದವಳು ಪುಟ್ಟ ಫೂಲ್‌ಬಾಸಿ. ಕೆಲಸದವರಿಗೆ ಹಿಂದಿನ ಮೆಟ್ಟಿಲು, ಅಡುಗೆಮನೆಗೆ ಹತ್ತುವ ಕಿರಿದಾದದ್ದು. ಮುಂದಿನ ಅಗಲದ ಮೆಟ್ಟಿಲು ಮ್ಯಾನೇಜರಿಗೆ, ಡಾಕ್ಟರಿಗೆ, ಪಾದ್ರಿಗೆ. ಆದರೂ ಜಸೋದ್ರ ಅದರ ಮೇಲೆ ದಿನವೂ ಇಳಿದಿದ್ದಾಳೆ. ಬಾಗಿಲಿನಿಂದ ಶುರುಮಾಡಿ, ಮಂಡಿಯೂರಿ, ಹಿಂದೆ ಹಿಂದೆ ಸರಿಯುತ್ತ, ತೆಂಗಿನ ಸಿಪ್ಪೆಯಲ್ಲಿ ಒಂದೊಂದೇ ಮೆಟ್ಟಿಲು ಉಜ್ಜಿಕೊಂಡು. ಕೆಳಗೆ ಬಂದ ಮೇಲೆ ಅದನ್ನು ತುಳಿಯುವಂತಿಲ್ಲ. ಮನೆ ಸುತ್ತಿಕೊಂಡು ಹಿಂದಕ್ಕೆ ಹೋಗಬೇಕು.

ಒಂದು ಮಧ್ಯಾಹ್ನ ಊರ ಕೌನ್ಸಿಲ್ಲಿನ ಚೇರ್ಮನ್ ಫಿಂಗಾಲ್, ಕಂಬಗಳ ಮೇಲೆ ನಿಂತ ಆಂಟಿಯ ಮನೆಯ ಕೆಳಗಿನ ನೆರಳಿಗೆ ಬಂದ. ಆಂಟಿ ಜೋಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದರು. ನಾನೂ ಇದ್ದೆ.

"ಆಂಟಿ, ಯಾವ ರೂಮು ಯಾವುದಕ್ಕೆ ಅಂತ ಹೇಳೋರು ಬದುಕಿರೋರಲ್ಲಿ ನೀವೊಬ್ರೇ. ಹೇಳೋರಿಲ್ಲ ಅಂದ್ರೆ ಪಟ್ಟಣದ ಮ್ಯೂಸಿಯಂನೋರು ಬೇರೆ ಊರಿನ ಮನೆ ನೋಡ್ಕೋತಾರಂತೆ. ನೀವೊಂದ್ಸಲ ಬಾಯಿ ಬಿಡಬೇಕು."

"ಬಾಯಿ ಬಿಟ್ಟೇ ಇದೆ. ಪಂಪು ಎಲ್ಲಿ?"

"ಮನೆ ದುಡ್ಡು ಬೇರೆ, ಪಂಪಿನ ದುಡ್ಡು ಬೇರೆ, ಆಂಟಿ. ಮೊದ್ಲು ಮನೆ ಆಗ್ಲಿ. ಮಂತ್ರಿಗಳು ಬಂದಾಗ ಕೇಳೋಣ."

"ಬಂದೋರು ಕೇಕು ತಿಂದು ಹೋಗ್ತಾರೆ," ಎಂದೆ ನಾನು.

"ಮೇವಿಸ್, ನಿನ್ನ ಕೇಳಿದ್ನಾ ನಾನು?" ಎಂದ ಫಿಂಗಾಲ್.

ಆಂಟಿ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಮರುದಿನ ನೋಡಿದರೆ ಪಟ್ಟಣದಿಂದ ಬಂದ ಹುಡುಗಿಯ ತೋಳು ಹಿಡಿದು ದೊಡ್ಡ ಮನೆಯೊಳಗೆ ಓಡಾಡುತ್ತಿದ್ದಾರೆ! ಇಲ್ಲಿ ಊಟ, ಇಲ್ಲಿ ಸೊಳ್ಳೆಪರದೆ, ಇಲ್ಲಿ ಮ್ಯಾನೇಜರನ ನಾಯಿ. ಸಂಜೆ ಬೇಲಿಯ ಹತ್ತಿರ ಹಿಡಿದುಕೊಂಡೆ.

"ಏನಾಂಟಿ, ಮಂತ್ರಿ ಪಕ್ಕದ ಒಂದು ಕುರ್ಚಿ ಆಸೆಗೆ ಊರನ್ನೇ ಮಾರಿಬಿಟ್ರಾ? ನಮ್ಮೋರ ರಕ್ತ ಹೀರಿದ ಮನೆ ಅದು. ಬೀಳ್ಲಿ ಬಿಡಿ."

ಅವರು ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ನಮ್ಮಮ್ಮಂದು ಒಂದು ಫೋಟೋ ಇಲ್ಲ ಬೇಟಿ. ಅವಳನ್ನ ಸುಟ್ಟ ಜಾಗಾನೂ ಸಮುದ್ರ ತಿಂದುಬಿಡ್ತು. ಇರೋದು ಆ ಹಲಗೆಗಳೇ. ಅವಳು ಉಜ್ಜಿ ಉಜ್ಜಿ ಇನ್ನೂ ನುಣ್ಣಗಿವೆ, ಇವತ್ತು ಕೈಯಾಡಿಸಿ ನೋಡ್ದೆ. ಬೀಳ್ಲಿ ಅನ್ನೋಕೆ ನನಗೆ ಬಾಯಿ ಬರಲ್ಲ."

"ಮತ್ತೆ ಪಂಪು?"

"ಅದೂ ಬೇಕು. ಬಿಡ್ತೀನಿ ಅಂತ ಯಾರು ಹೇಳಿದ್ರು?"

ಊರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮರಗೆಲಸ ನಡೆಯುವಷ್ಟು ಕಾಲವೂ "ಮ್ಯಾನೇಜರಮ್ಮ ಬಂದ್ರು, ದಾರಿ ಬಿಡ್ರೋ" ಎಂದು ನನ್ನ ಅಂಗಡಿಯ ಮುಂದೆಯೇ ಹಂಗಿಸಿದರು. ಆಂಟಿ ಉಪ್ಪು, ಸೋಪು ತೆಗೆದುಕೊಂಡು ತಲೆಯೆತ್ತಿಯೇ ಹೋಗುತ್ತಿದ್ದರು. ನನಗೇ ಸಂಕಟವಾಗುತ್ತಿತ್ತು.

ಮನೆ ಸಿದ್ಧವಾಯಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಇತ್ತು. ಉದ್ಘಾಟನೆಯ ಹಿಂದಿನ ದಿನ ಉಬ್ಬರದ ಜೊತೆ ಮಳೆ ಹೊಡೆಯಿತು. ಬೆಳಿಗ್ಗೆ ದೊಡ್ಡ ಮನೆಯ ಅಂಗಳ ಗದ್ದೆಯಾಗಿತ್ತು. ಫಿಂಗಾಲ್ ಹಲಗೆ ಹಾಸಿಸಿದ. ಹಲಗೆಗಳೂ ಕೆಸರಲ್ಲಿ ಹೂತುಹೋದವು. ಮಂತ್ರಿಗಳು ಬಂದರು. ಮುಂದಿನ ಮೆಟ್ಟಿಲಿಗೆ ಕೆಂಪು ರಿಬ್ಬನ್ನು ಕಟ್ಟಿತ್ತು. ಅದನ್ನು ಕತ್ತರಿಸಿ, ಮಂತ್ರಿ ಮತ್ತು ಆಂಟಿ ಒಟ್ಟಿಗೆ ಹತ್ತಬೇಕೆಂದು ಏರ್ಪಾಡು.

ಕತ್ತರಿ ತಟ್ಟೆಯಲ್ಲಿದೆ, ಆಂಟಿಯೇ ಇಲ್ಲ. ಎಲ್ಲರೂ ಗಾಬರಿ. ನಾನು ಮಾತ್ರ ನೋಡಿದ್ದೆ. ಬಿಳಿ ಓಢ್ನಿ ಹೊದ್ದು ನಮ್ಮ ಜೊತೆಯೇ ಬಂದವರು, ಮನೆ ಹತ್ತಿರವಾದ ಕೂಡಲೇ ಯಾರಿಗೂ ಹೇಳದೆ ಹಿಂದಕ್ಕೆ ತಿರುಗಿದರು. ಬೇಕೆಂದು ಅಲ್ಲ. ಕಾಲುಗಳಿಗೆ ಗೊತ್ತಿದ್ದ ದಾರಿ ಅದೊಂದೇ.

ಸ್ವಲ್ಪ ಹೊತ್ತಿಗೆ ಮೇಲೆ ಮುಂಬಾಗಿಲು ಒಳಗಿನಿಂದ ತೆರೆಯಿತು. ಆಂಟಿ ನಿಂತಿದ್ದರು.

"ಅಲ್ಲಿಗೆ ಹೆಂಗೆ ಹೋದ್ರಿ ಆಂಟಿ? ಇಳಿದು ಬನ್ನಿ, ಒಟ್ಟಿಗೆ ಹತ್ತಬೇಕು!" ಎಂದು ಫಿಂಗಾಲ್ ಕೂಗಿದ.

ಆಂಟಿ ಅವನನ್ನು ನೋಡಲಿಲ್ಲ. ನೋಡಿದ್ದು ಎಲ್ಲರ ಕಾಲನ್ನು.

"ಕೆಸರುಗಾಲಲ್ಲಿ ಈ ಮೆಟ್ಟಿಲು ತುಳೀಬೇಡಿ. ಉಜ್ಜೋಕೆ ನಮ್ಮಮ್ಮ ಇಲ್ಲ. ನನ್ನ ಮಂಡಿ ಹೋಗಿದೆ."

ಮಂತ್ರಿ ಅಜ್ಜಿಯೊಡನೆ ಮಾತಾಡುವಂತೆ ನಕ್ಕರು. "ಬೂಟು ಬಿಚ್ಚಿ ಬರ್ತೀನಿ, ನಾನಿ."

"ಬಿಚ್ಚಿ ಎಲ್ಲಿ ಕಾಲಿಡ್ತೀಯ ಮಗಾ? ಕೆಳಗೂ ಕೆಸರೇ. ತೂಬಿಗೆ ಪಂಪು ಇದ್ದಿದ್ರೆ ಇಷ್ಟೊತ್ತಿಗೆ ಅಂಗಳ ಒಣಗಿರ್ತಿತ್ತು. ಕೇಳಿದ್ರೆ ಮನೆ ದುಡ್ಡು ಬೇರೆ, ಪಂಪಿನ ದುಡ್ಡು ಬೇರೆ ಅಂತಾರೆ. ನೋಡು, ಕೆಸರು ಮಾತ್ರ ಒಂದೇ."

ನನ್ನ ಪಕ್ಕದಲ್ಲಿ, ಅವರನ್ನು ಮ್ಯಾನೇಜರಮ್ಮ ಎಂದು ಹಂಗಿಸಿದವರೇ ನಿಂತಿದ್ದರು. ಅವರ ಮುಖ ನೋಡಬೇಕಿತ್ತು.

"ಹಿಂದಿನಿಂದ ಬನ್ನಿ," ಎಂದರು ಆಂಟಿ. "ಅಲ್ಲಿ ಕಾಲು ತೊಳೆಯೋಕೆ ಡ್ರಮ್ಮಿದೆ. ನಾವೆಲ್ಲ ಅಲ್ಲಿಂದ್ಲೇ ಬಂದೋರು. ರಿಬ್ಬನ್ನು ಅಲ್ಲೇ ಇರ್ಲಿ. ಪಂಪು ಓಡಿದ ದಿನ ನಾನೇ ಬಿಚ್ತೀನಿ."

ಮಂತ್ರಿಗಳೂ ಜೊತೆಗೆ ಬಂದವರೂ ಪ್ಯಾಂಟು ಮಡಚಿ, ಡ್ರಮ್ಮಿನ ನೀರಲ್ಲಿ ಕಾಲು ತೊಳೆದು, ಕೆಲಸದವರ ಮೆಟ್ಟಿಲಲ್ಲಿ ಸಾಲಾಗಿ ಹತ್ತಿದರು. ಕೇಕು ತಿಂದು ಹೋದರು ಕೂಡ. ನನ್ನ ಮಾತು ಸುಳ್ಳಾಗಲಿಲ್ಲ.

ಆಮೇಲೆ ಇನ್ನೊಂದು ನೆರೆ ಬಂತು. ಆಂಟಿಯ ಅಲಸಂದೆ ಚಪ್ಪರ ಹೋಯಿತು, ನನ್ನ ಅಂಗಡಿಯ ಅಕ್ಕಿ ಮೂಟೆಗಳೂ ಹೋದವು. ರಿಬ್ಬನ್ನು ಬಿಸಿಲಿಗೆ ಬಿಳಿಚಿಕೊಂಡು ಅಲ್ಲೇ ಇತ್ತು. ಮನೆ ನೋಡಲು ಬಂದವರೆಲ್ಲ ಹಿಂದಿನಿಂದಲೇ ಹತ್ತುತ್ತಿದ್ದರು, ಯಾಕೆ ಎಂದು ಕೇಳುತ್ತಿದ್ದರು, ಆಂಟಿ ಬೇಸರವಿಲ್ಲದೆ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ನಾಚಿಕೆಗೋ, ಚುನಾವಣೆಗೋ, ಕೊನೆಗೂ ಪಂಪು ಬಂತು.

ಅದು ಓಡಿದ ಮೊದಲ ಮಳೆಯ ಮರುದಿನ ಅಂಗಳದಲ್ಲಿ ನೀರಿರಲಿಲ್ಲ. ಆಂಟಿ ಹಿಂದಿನಿಂದ ಹತ್ತಿ, ಮನೆಯೊಳಗೆ ಹಾದು, ಮುಂಬಾಗಿಲಿಗೆ ಬಂದರು. ಕೆಳಗೆ ಫಿಂಗಾಲ್ ಮತ್ತು ನಾನು ನಿಂತಿದ್ದೆವು. ರಿಬ್ಬನ್ನು ಬಿಚ್ಚಲು ಅವರು ಕಂಬಿ ಹಿಡಿದು ಇಳಿಯತೊಡಗಿದರು, ಮುಖ ಮುಂದಕ್ಕೆ ಮಾಡಿ, ನೆಟ್ಟಗೆ. ಅರ್ಧಕ್ಕೆ ಬಂದು ನಿಂತರು. ಮಂಡಿ ನೋವೇನೋ ಎಂದು ನಾನು ಕೈ ಚಾಚಿದೆ.

"ಇಲ್ಲಿ ನಿಂತ್ರೆ ಸಮುದ್ರ ಕಾಣತ್ತೆ ಕಣೇ ಮೇವಿಸ್," ಎಂದರು. "ಅಮ್ಮ ಅಷ್ಟು ವರ್ಷವೂ ಅದಕ್ಕೆ ಬೆನ್ನು ಹಾಕ್ಕೊಂಡೇ ಇಳಿದ್ಲು."

ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನ ಕೈ ಹಿಡಿಯಲಿಲ್ಲ. ಒಬ್ಬರೇ ಇಳಿದರು.