ಒಂಬತ್ತು ಗಂಟೆಗೆ ಬರುವ ಜನ

ಮಹಡಿಯ ಕೋಣೆ ಬಾಡಿಗೆಗಿದೆ ಎಂದು ಕೇಳಿಕೊಂಡು ದೀಪಶ್ರೀ ಮೊದಲ ಸಲ ಬಂದ ದಿನ ಚಿಕ್ಕಲಕ್ಷ್ಮಮ್ಮನಿಗೆ ಸಿಟ್ಟೇ ಬಂದಿತ್ತು. ಹುಡುಗಿ ಬಾಡಿಗೆ ಎಷ್ಟು ಎನ್ನಲಿಲ್ಲ, ಕಿಟಕಿ ತೆಗೆದು ನೋಡಲಿಲ್ಲ. ಸೀದಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಅದನ್ನು ಹಾಗೇ ಬಿಟ್ಟು ಒಲೆಯ ಪಕ್ಕದ್ದನ್ನು ತಿರುಗಿಸಿದಳು. ಆಮೇಲೆ ದಡದಡನೆ ಕೆಳಗಿಳಿದು ಹಿತ್ತಲಿನ ನಲ್ಲಿಯನ್ನೂ ಬಿಟ್ಟು ಮತ್ತೆ ಮೇಲಕ್ಕೆ ಓಡಿದಳು.

"ಅಯ್ಯೋ, ಟ್ಯಾಂಕ್ ಬರಿದು ಮಾಡೀಯೇನವ್ವಾ!"

"ಒಂದೊಂದೇ ಬಿಟ್ರೆ ಎಲ್ಲಾರ ಮನೇಲೂ ನೀರು ಚೆನ್ನಾಗೇ ಬತ್ತದೆ ಅಜ್ಜಿ. ಎಲ್ಲಾ ಒಟ್ಟಿಗೆ ಬಿಟ್ಟಾಗ ಮೇಲ್ಗಡೆ ಬತ್ತದಾ ಅಂತ ನೋಡ್ದೆ. ನನ್ ಕೆಲ್ಸಾನೇ ಅದು."

"ನಲ್ಲಿ ರಿಪೇರಿಯೋಳಾ?"

ದೀಪಶ್ರೀ ಬಿದ್ದು ಬಿದ್ದು ನಕ್ಕಳು. ಮೇಲಿನ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. "ಸಣ್ಣಗಾದ್ರೂ ನಿಲ್ಲಲ್ವಲ್ಲ, ಸಾಕು" ಎಂದು ಅಂದೇ ಚೀಲ ತಂದಿಟ್ಟಳು.

ಅವಳು ಅರಕಲಗೂಡು ಕಡೆಯ ಮಲ್ಲಿಪಟ್ಟಣದವಳು. ಹಾಸನದಲ್ಲಿ ಚಂದ್ರಮೌಳಿ ಎಂಬುವರ ಸಣ್ಣ ಆಫೀಸಿನಲ್ಲಿ ಅವಳಿಗೆ ಕೆಲಸ. ಬಿತ್ತನೆ ಆಲೂಗಡ್ಡೆ ಮಾರುವ ವರ್ತಕರಿಗಾಗಿ ಅಲ್ಲೊಂದು ವೆಬ್‌ಸೈಟು ತಯಾರಾಗುತ್ತಿತ್ತು. ರೈತರು ಫೋನಿನಲ್ಲೇ ಒತ್ತಿ ಟೋಕನ್ ತೆಗೆದುಕೊಳ್ಳಬೇಕು, ಟೋಕನ್ ಸಿಕ್ಕಿದ ದಿನ ಬಂದು ಮೂಟೆ ಒಯ್ಯಬೇಕು. ಹಿಂದಿನ ವರ್ಷ ದೀಪಶ್ರೀಯ ಅಪ್ಪ ಸಣ್ಣಯ್ಯ ಬಿಸಿಲಿನಲ್ಲಿ ಸಾಲು ನಿಂತು, ಸರದಿ ಬರುವಷ್ಟರಲ್ಲಿ ಬೀಜ ಮುಗಿದು, ಖಾಲಿ ಟೆಂಪೋದಲ್ಲಿ ವಾಪಸಾಗಿದ್ದ. ಈ ಸಲ ಹಾಗಾಗುವುದಿಲ್ಲ, ನಾನೇ ಪರೀಕ್ಷೆ ಮಾಡಿದ್ದೀನಿ, ನಂಬಿ ಎಂದು ಅವಳು ಊರಿಗೆಲ್ಲ ಮಾತು ಕೊಟ್ಟು ಬಂದಿದ್ದಳು. ಅದೇನಾದರೂ ಕೈಕೊಟ್ಟರೆ ಮಲ್ಲಿಪಟ್ಟಣದಲ್ಲಿ ಮುಖ ಎತ್ತುವ ಹಾಗಿರಲಿಲ್ಲ.

ಚಿಕ್ಕಲಕ್ಷ್ಮಮ್ಮ ರುಜು ಹಾಕಬಲ್ಲಳು, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದಬಲ್ಲಳು. ಮಧ್ಯಾಹ್ನ ಹುಣಸೆಹಣ್ಣಿನ ಬೀಜ ತೆಗೆಯುತ್ತಾ, ಮಹಡಿಯಲ್ಲೇ ಕೆಲಸ ಮಾಡುತ್ತಿದ್ದ ದೀಪಶ್ರೀಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು.

"ಏನ್ ಮಾಡ್ತಿದೀಯವ್ವಾ?"

"ಇಲ್ದಿರೋ ಜನಾನ ಕಳಿಸ್ತಿದೀನಿ. ಲೋಡ್ ಟೆಸ್ಟ್ ಅಂತಾರೆ. ನಿಜವಾದ ಜನ ಬರೋಕ್ ಮುಂಚೆ ಸುಳ್ಳು ಜನ ಬಂದು ಒತ್ತಿ ನೋಡ್ತಾರೆ. ತಡೀತದಾ, ಬೀಳ್ತದಾ ಅಂತ."

ದೀಪಶ್ರೀ ಪ್ರತಿ ಸಲವೂ ಎಷ್ಟು ಜನ ಬಂದರು, ಯಾರು ಎಷ್ಟು ಹೊತ್ತು ಕಾದರು, ಎಲ್ಲಿ ಮುಗ್ಗರಿಸಿತು ಎಂಬುದನ್ನೆಲ್ಲ ತಾರೀಕು ಹಾಕಿ ಕಂಪ್ಯೂಟರಿನಲ್ಲಿ ಉಳಿಸಿಡುತ್ತಿದ್ದಳು.

"ಬಿದ್ದೋಗಿದ್ದೂ ಯಾಕ್ ಮಡಗ್ತೀಯ?"

"ಅದೇ ಮುಖ್ಯ ಅಜ್ಜಿ. ಇಲ್ದಿದ್ರೆ ಮುಂದಿನ್ ಸಲಾನೂ ಅಲ್ಲೇ ಬಿದ್ದು, ಅಯ್ಯೋ ಹಿಂಗಾಯ್ತಲ್ಲ ಅಂತೀವಿ."

ಟೋಕನ್ ಕೊಡುವುದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂದು ಗೊತ್ತಾಯಿತು. ಕೊನೆಯ ಪರೀಕ್ಷೆಯಲ್ಲಿ ಎಲ್ಲ ನೆಟ್ಟಗೆ ನಿಂತಿತ್ತು. ಶನಿವಾರ ಊಟ ಮಾಡುತ್ತಾ ಅವಳು ಅಪ್ಪನಿಗೆ ಫೋನ್ ಮಾಡಿದಳು. ಸಣ್ಣಯ್ಯನ ದನಿ ಅಡುಗೆಮನೆಗೆಲ್ಲ ಕೇಳುತ್ತಿತ್ತು.

"ಎಂಟ್ಗಂಟೆಗಾ? ಸೋಮವಾರ ಒಂಬತ್ತರ್ಗಂಟ ರಾವುಕಾಲ ಕಣವ್ವಾ! ಬಿತ್ನೆ ಯವಾರ ಅದ್ರಲ್ಲಿ ಯಾರ್ ಮಾಡ್ತಾರೆ? ಊರೋರೆಲ್ಲಾ ಮಾತಾಡ್ಕೊಂಡಿದೀವಿ, ಒಂಬತ್ತಾಗ್ತಲೂ ಒತ್ತುದ್ರಾಯ್ತು ಅಂತ."

ಚಿಕ್ಕಲಕ್ಷ್ಮಮ್ಮ ಸರಿ ತಾನೇ ಎಂಬಂತೆ ತಲೆಯಾಡಿಸಿ ಸಾರು ಬಡಿಸಲು ಹೋದಳು. ದೀಪಶ್ರೀಯ ಕೈ ತಟ್ಟೆಯಲ್ಲೇ ನಿಂತಿತ್ತು. ಅವಳ ಸುಳ್ಳು ಜನ ಸಂತೆಗೆ ಬಂದಂತೆ ಎಂಟರಿಂದ ಒಬ್ಬೊಬ್ಬರಾಗಿ ಬಂದಿದ್ದರು. ನಿಜವಾದ ಜನ ಬಾಗಿಲ ಹೊರಗೆ ಕಾದು ನಿಂತು, ಒಂಬತ್ತಕ್ಕೆ ಒಂದೇ ಏಟಿಗೆ ನುಗ್ಗಲಿದ್ದರು.

ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದು, ಎಲ್ಲರನ್ನೂ ಒಮ್ಮೆಲೇ ಕಳಿಸಿ ನೋಡಿದಳು. ವೆಬ್‌ಸೈಟು ಮಕಾಡೆ ಮಲಗಿತು.

ಅವಳು ಫೋನಿನಲ್ಲಿ ವಿಷಯ ತಿಳಿಸಿದ್ದೇ ಚಂದ್ರಮೌಳಿ ಸ್ಕೂಟರಿನಲ್ಲಿ ಧಾವಿಸಿ ಬಂದರು. "ಸೋಮವಾರ ಶಿವನ ವಾರ ಅಂತಲೇ ಇಟ್ಟಿದ್ದು ಕಣಮ್ಮಾ. ನಮ್ಮನೇಲಿ ರಾಹುಕಾಲ ನೋಡಲ್ಲ. ಈ ಕಾಲದಲ್ಲಿ ಯಾರ್ ನೋಡ್ತಾರೆ? ನೀವು ನೋಡ್ತೀರೇನಜ್ಜಿ?"

ಕಾಫಿ ತಂದಿದ್ದ ಚಿಕ್ಕಲಕ್ಷ್ಮಮ್ಮ, "ಸಿನ್ಮಾಕ್ ಓಗೋಕ್ ನೋಡಕಿಲ್ಲ ಕಣಪ್ಪಾ. ಬಿತ್ನೆಗೆ ನೋಡ್ತೀವಿ" ಎಂದಳು.

ದೀಪಶ್ರೀ ಹಿಂದಿನ ವಾರ ನಿಂತಿದ್ದನ್ನೂ ಇಂದು ಬಿದ್ದಿದ್ದನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ತೆರೆದಿಟ್ಟಳು. ಚಂದ್ರಮೌಳಿ ಒಂದು ಗುಟುಕು ಕಾಫಿಯನ್ನು ಬಾಯಲ್ಲೇ ಇಟ್ಟುಕೊಂಡು ನೋಡಿದರು.

"ಬಿದ್ದಿದ್ದನ್ನ ಅಳಿಸಿಬಿಡು ತಾಯಿ. ವರ್ತಕರು ನೋಡಿದ್ರೆ ನಮ್ಮನ್ನ ಅಟ್ಟಿಸ್ಕೊಂಡ್ ಬರ್ತಾರೆ."

"ಅಳಿಸಲ್ಲ ಸಾರ್. ಸರಿ ಮಾಡಾಣ."

ಹೋಬಳಿಗೊಂದು ಹೊತ್ತು ಎಂದಾಯಿತು. ಒಂಬತ್ತಕ್ಕೆ ದುದ್ದ, ಆಮೇಲೆ ಒಂದಾದ ಮೇಲೊಂದು. ನಿಮ್ಮೂರನ್ನು ಮೊದಲು ಹಾಕಿಕೋ ಎಂದು ಚಂದ್ರಮೌಳಿಯೇ ಹೇಳಿದರೂ ಅವಳು ಮಲ್ಲಿಪಟ್ಟಣವನ್ನು ಕಟ್ಟಕಡೆಗೆ ಇಟ್ಟಳು. ಕಡೆಯವರಿಗೆ ಸಿಕ್ಕರೆ ಎಲ್ಲರಿಗೂ ಸಿಕ್ಕಿದ ಲೆಕ್ಕ ಎಂದಳು. ಚಿಕ್ಕಲಕ್ಷ್ಮಮ್ಮನಿಗೆ ಮಹಡಿಯ ನಲ್ಲಿ ನೆನಪಾಯಿತು. ಸುಳ್ಳು ಜನ ಇನ್ನೊಮ್ಮೆ ಹೋಬಳಿವಾರು ಬಂದು ಹೋದರು. ಈ ಸಲ ನಿಂತಿತು. ಅದನ್ನೂ ಉಳಿಸಿಟ್ಟಳು. ಭಾನುವಾರ ಎಲ್ಲ ರೈತರಿಗೂ ಹೊಸ ವೇಳೆಯ ಮೆಸೇಜು ಹೋಯಿತು.

ಸೋಮವಾರ ಅವಳು ನೀರು ಕೂಡ ಕುಡಿಯಲಿಲ್ಲ. ಚಿಕ್ಕಲಕ್ಷ್ಮಮ್ಮ ದೇವರಿಗೆ ದೀಪ ಹಚ್ಚಿಟ್ಟು ಮೆಟ್ಟಿಲ ಮೇಲೇ ಕೂತಿದ್ದಳು. ಇಳಿಹೊತ್ತಿಗೆ ಸಣ್ಣಯ್ಯನ ಫೋನು ಬಂತು.

"ಹೆತ್ತಪ್ಪನ್ನೇ ಕಡೇಗ್ ಹಾಕ್ಬುಟ್ಯಲ್ಲಾ! ಬಂತು ಕಣವ್ವಾ ಟೋಕನ್ನು. ಎದುರುಮನೆಯೋನ್ಗೂ ಬಂದದೆ, ಅದೊಂದೇ ಬೇಜಾರು."

ದೀಪಶ್ರೀ ನಗುತ್ತಾ ಕಣ್ಣೊರೆಸಿಕೊಂಡಳು, ಆಮೇಲೆ ಎರಡು ಮುದ್ದೆ ಉಂಡಳು.

ಮಳೆಗಾಲ ಕಳೆಯುವ ಹೊತ್ತಿಗೆ ಅವಳಿಗೆ ಹೊಳೆನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು. ಅವಳ ಜಾಗಕ್ಕೆ ಚನ್ನರಾಯಪಟ್ಟಣದ ಹುಡುಗಿಯೊಬ್ಬಳು ಬರುವುದಾಯಿತು; ಕೋಣೆಯೂ ಅವಳಿಗೇ. ಹೊರಡುವ ದಿನ ಚಿಕ್ಕಲಕ್ಷ್ಮಮ್ಮ ಒಂದು ಡಬ್ಬಿ ಹುರಿಹಿಟ್ಟು ಕೊಟ್ಟಳು. ಆಟೋ ಹತ್ತಿದ್ದ ದೀಪಶ್ರೀ ಮತ್ತೆ ಇಳಿದು ಬಂದು ಅವಳ ಕೈ ಹಿಡಿದುಕೊಂಡಳು.

"ಅಜ್ಜಿ, ಆ ಮೂರು ಟೆಸ್ಟಿನ ಲೆಕ್ಕಾನೂ ಆಫೀಸಲ್ಲೇ ಇಟ್ಟಿದೀನಿ. ಸಾರ್ ಆ ಹುಡುಗಿಗೆ ನಿಂತಿದ್ದನ್ನೇ ತೋರಿಸ್ತಾರೆ. ಬಿದ್ದಿದ್ದೆಲ್ಲಿ ಅಂತ ಮೊದ್ಲು ಕೇಳವ್ವಾ ಅಂತ ನೀವು ಅವಳಿಗೆ ಹೇಳ್ತೀರಾ?"